ಕತ್ತಿಯ ಕೃತಕ ಹಿಡಿಗೂ ಆರೈಕೆ ಬೇಕು

ಒಕ್ಕಲುತನದ ಸಲಕರಣೆಗಳ ವಿಷಯ ಬಂದಾಗ ನಾವು ಅಲಗಿನ ಹರಿತ, ಉಕ್ಕಿನ ಗುಣ ಮತ್ತು ಬೆಲೆಯನ್ನು ಕುರಿತು ಸಾಕಷ್ಟು ವಿಚಾರ ಮಾಡುತ್ತೇವೆ. ಹಿಡಿಯ ಬಗ್ಗೆ ವಿಚಾರ ಮಾಡುವುದು ಅದು ಮುರಿದಾಗ ಮಾತ್ರ. ಆದರೆ ಕೈಗೂ ಕೆಲಸಕ್ಕೂ ನಡುವೆ ಇರುವುದು ಹಿಡಿಯೇ. ಅಲಗು ಮೊಂಡಾದರೆ ಕೆಲಸ ನಿಧಾನವಾಗುತ್ತದೆ; ಹಿಡಿ ಸಡಿಲಾದರೆ ಬೆರಳಿಗೆ, ಕಾಲಿಗೆ, ಪಕ್ಕದಲ್ಲಿ ನಿಂತವರ ಮೈಗೆ ಅಪಾಯ ಬರುತ್ತದೆ.

ಘಟಪ್ರಭಾ ನದಿ ಮತ್ತು ಕಾಲುವೆಗಳ ನೀರಿನಿಂದ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆಯಾಗಿದೆ. ತುಕ್ಕಾನಟ್ಟಿಯ ಸುತ್ತಮುತ್ತಲಿನ ರೈತರಿಗೆ ಕಬ್ಬಿನ ಕಟಾವಿನ ಹಂಗಾಮೆಂದರೆ ವರ್ಷದ ದುಡಿಮೆಯ ಫಲ ಕೈಗೆ ಬರುವ ಕಾಲ. ಕಟಾವು ಯಂತ್ರಗಳು ಬಂದಿದ್ದರೂ ಬಹಳಷ್ಟು ಕಬ್ಬು ಇಂದಿಗೂ ಕೈಕತ್ತಿಯಿಂದಲೇ ಕಡಿಯಲ್ಪಡುತ್ತಿದೆ. ಬಿತ್ತನೆಗೆ ಕಣ್ಣಿನ ತುಂಡು ಮಾಡುವುದು, ಕುಳೆಯ ಬುಡ ಸವರುವುದು, ಮೇವಿಗೆ ಸೋಗೆ ಕೊಯ್ಯುವುದು, ಹಣ್ಣಿನ ಗಿಡ ಸವರುವುದು, ಇವೆಲ್ಲಕ್ಕೂ ಕತ್ತಿ, ಕುಡಗೋಲು ಇಲ್ಲವೆ ಕತ್ತರಿ ಬೇಕು. ಹಿಂದೆ ಇವಕ್ಕೆಲ್ಲ ಜಾಲಿ ಅಥವಾ ದಿಂಡಲ ಮರದ ಹಿಡಿ ಇರುತ್ತಿತ್ತು. ಈಗ ಪೇಟೆಯಲ್ಲಿ ಪ್ಲಾಸ್ಟಿಕ್, ಫೈಬರ್ ಮೊದಲಾದ ಕೃತಕ ವಸ್ತುಗಳ ಹಿಡಿಯುಳ್ಳ ಸಲಕರಣೆಗಳು ಬಹಳವಾಗಿ ದೊರೆಯುತ್ತಿವೆ. ಇವು ಹುಳು ಹಿಡಿಯುವುದಿಲ್ಲ, ಕೊಳೆಯುವುದಿಲ್ಲ ಎಂಬುದು ನಿಜ. ಆದ್ದರಿಂದ ಇವಕ್ಕೆ ಯಾವ ಆರೈಕೆಯೂ ಬೇಡ ಎಂದು ತಿಳಿಯುವುದು ಮಾತ್ರ ಸರಿಯಲ್ಲ.

ಹಿಡಿಯ ಮೇಲೆ ಬೀಳುವ ಭಾರ

ಒಂದು ಸಣ್ಣ ಲೆಕ್ಕ ಮಾಡಿ ನೋಡಿರಿ. ಒಂದು ಕಬ್ಬು ಸರಾಸರಿ ಒಂದು ಕಿಲೋ ತೂಗುವುದೆಂದು ಇಟ್ಟುಕೊಂಡರೆ ಒಂದು ಟನ್ನಿಗೆ 1,000 ಕಬ್ಬು ಬೇಕು. ಪ್ರತಿ ಕಬ್ಬಿಗೆ ಬುಡದಲ್ಲಿ ಒಂದು ಏಟು, ತುದಿಯಲ್ಲಿ ಒಂದು ಏಟು ಎಂದರೆ 2,000 ಏಟು. ರವದಿ ಸುಲಿಯಲು ಹಾಕುವ ಏಟುಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಎಕರೆಗೆ 40 ಟನ್ ಇಳುವರಿ ಬಂದರೆ ಆ ಒಂದು ಎಕರೆಯಲ್ಲಿ ಕತ್ತಿಗಳು ಕನಿಷ್ಠ 80,000 ಸಲ ಬೀಸಲ್ಪಡುತ್ತವೆ. ಪ್ರತಿ ಏಟಿನ ಅದುರು ಅಲಗಿನಿಂದ ಹಿಡಿಯೊಳಗಿನ ಬಾಲಕ್ಕೆ, ಅಲ್ಲಿಂದ ಮೊಳೆಗಳಿಗೆ, ಕೊನೆಗೆ ಅಂಗೈಗೆ ಬರುತ್ತದೆ. ಈ ಅದುರಿನಿಂದ ಮೊದಲು ಸಡಿಲಾಗುವುದು ಬಾಲ ಹಾಗೂ ಹಿಡಿ ಕೂಡುವ ಜಾಗ.

ಇಲ್ಲಿ ಮರದ ಹಿಡಿಗೂ ಕೃತಕ ಹಿಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮರದ ಹಿಡಿ ಕೆಡುವ ಮುಂಚೆ ಸೂಚನೆ ಕೊಡುತ್ತದೆ. ಅದು ಸೀಳುತ್ತದೆ, ಸಿಬಿರೇಳುತ್ತದೆ, ಅಲುಗಾಡುತ್ತದೆ, ಬಣ್ಣ ಕಪ್ಪಾಗುತ್ತದೆ. ಕೃತಕ ಹಿಡಿ ಹೊರಗಿನಿಂದ ಹೊಸದರಂತೆಯೇ ಕಾಣುತ್ತಿರುವಾಗ ಒಳಗೆ ಉಕ್ಕಿನ ಬಾಲ ತುಕ್ಕು ಹಿಡಿದು ತೆಳುವಾಗಿರಬಹುದು. ಆಗ ಒಂದು ದಿನ ಬೀಸಿದ ಏಟಿಗೆ ಅಲಗು ಬುಡದಲ್ಲೇ ಮುರಿದು ಹಾರುತ್ತದೆ. ಆದುದರಿಂದ ಕೃತಕ ಹಿಡಿಯನ್ನು ನೋಡಿ ನಂಬುವುದಕ್ಕಿಂತ ಪರೀಕ್ಷಿಸಿ ನಂಬುವುದು ಒಳ್ಳೆಯದು.

ಸಂಯುಕ್ತ ವಸ್ತು ಎಂದರೇನು?

ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಅಥವಾ ಹೊಟ್ಟು ಬೆರೆಸಿ ತುಳಿಯುವುದು ನಿಮಗೆ ಗೊತ್ತಿದೆ. ಬರೀ ಮಣ್ಣು ಒಣಗಿದಾಗ ಬಿರಿಯುತ್ತದೆ. ಬರೀ ಹುಲ್ಲು ನಿಲ್ಲುವುದಿಲ್ಲ. ಎರಡೂ ಕೂಡಿದಾಗ ಹುಲ್ಲಿನ ಎಳೆ ಸೆಳೆತವನ್ನು ತಡೆಯುತ್ತದೆ, ಮಣ್ಣು ಎಳೆಗಳನ್ನು ಹಿಡಿದಿಡುತ್ತದೆ. ಸಂಯುಕ್ತ ವಸ್ತುವಿನ ತತ್ವವೂ ಇದೇ. ಹುಲ್ಲಿನ ಬದಲು ಗಾಜಿನ ಎಳೆ, ಬಟ್ಟೆ ಅಥವಾ ಕಾಗದ; ಮಣ್ಣಿನ ಬದಲು ರೆಜಿನ್ ಎಂಬ ಕೃತಕ ರಾಳ.

ಇಂಥ ರಾಳಗಳಲ್ಲಿ ಮೊದಲು ಹೆಸರಾದುದು ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೊ ಬೇಕಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು 1907ರಲ್ಲಿ ಕಂಡುಹಿಡಿದರು. ನಿಮ್ಮ ಮನೆಯ ಕುಕ್ಕರಿನ ಕಪ್ಪು ಹಿಡಿ ಸಾಮಾನ್ಯವಾಗಿ ಇದೇ ಜಾತಿಯದು. ಪಂಪ್‌ಸೆಟ್ಟಿನ ಬೋರ್ಡಿಗೆ ಹಾಕುವ ಹೈಲಮ್ ಹಾಳೆಯೂ ಇದೇ ಬಗೆಯ ರಾಳದಲ್ಲಿ ಕಾಗದ ಅಥವಾ ಬಟ್ಟೆಯನ್ನು ಪದರ ಪದರವಾಗಿ ಒತ್ತಿ ಮಾಡಿದ್ದು. ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಉದ್ದನೆಯ ರೆಕ್ಕೆಗಳು ಗಾಜಿನ ಎಳೆ ಮತ್ತು ರಾಳದಿಂದ ಆದವು. ವಸ್ತು ಹೊಸದಲ್ಲ; ನಮ್ಮ ಕತ್ತಿಗೆ ಬಂದದ್ದು ಮಾತ್ರ ಇತ್ತೀಚೆಗೆ.

ನಿಮ್ಮ ಹಿಡಿ ಯಾವ ಜಾತಿಯದು?

ಎಲ್ಲ ಕೃತಕ ಹಿಡಿಗಳಿಗೂ ಒಂದೇ ಬಗೆಯ ಆರೈಕೆ ನಡೆಯುವುದಿಲ್ಲ. ಸಾಮಾನ್ಯವಾಗಿ ದೊರೆಯುವ ಹಿಡಿಗಳನ್ನು ಈ ರೀತಿ ಗುರುತಿಸಬಹುದು.

1) ಪದರದ ಹಿಡಿ: ಬಾಲದ ಎರಡೂ ಬದಿಗೆ ಹಲಗೆಯಂತೆ ಕೂಡಿಸಿ ಮೊಳೆ ಹೊಡೆದಿರುತ್ತದೆ. ಅಂಚನ್ನು ನೋಡಿದರೆ ಕಾಗದ ಅಥವಾ ಬಟ್ಟೆಯ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಬಿಸಿಗೆ ಕರಗುವುದಿಲ್ಲ, ಕರಕಾಗುತ್ತದೆ. ತೀವ್ರ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾದಂಥ ವಸ್ತು, ಇದಕ್ಕೆ ಆಗದು.

2) ಗಾಜಿನ ಎಳೆ ಮತ್ತು ಎಪಾಕ್ಸಿ ರಾಳದ ಹಿಡಿ: ಗಟ್ಟಿ, ಭಾರ, ಸ್ವಲ್ಪ ಹೊಳಪು. ಕೊಡಲಿ, ಗುದ್ದಲಿಗಳ ಉದ್ದನೆಯ ಫೈಬರ್ ಕಾವುಗಳಲ್ಲಿಯೂ ಗಾಜಿನ ಎಳೆಯೇ ಇರುತ್ತದೆ. ಉತ್ತಮ ಎಪಾಕ್ಸಿ ಹಿಡಿ ಒಂದು ದಿನ ನೀರಿನಲ್ಲಿದ್ದರೂ ತನ್ನ ತೂಕದ ಶೇ. 0.1ರ ಆಸುಪಾಸಿನಷ್ಟೇ ನೀರು ಹೀರುತ್ತದೆ.

3) ಗಾಜಿನ ಎಳೆ ಬೆರೆತ ನೈಲಾನ್ ಹಿಡಿ: ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಿಡಿಯ ಮೇಲೆ ಪಿ.ಎ. ಎಂಬ ಗುರುತು ಇರುವುದುಂಟು. ಏಟಿಗೆ ಬಹಳ ತಡೆಯುತ್ತದೆ. ಆದರೆ ಬಹುಕಾಲ ನೀರಿನಲ್ಲಿಟ್ಟರೆ ನೀರು ಹೀರಿ ಸ್ವಲ್ಪ ಉಬ್ಬಿ ಮೆದುವಾಗುತ್ತದೆ.

4) ಬರೀ ಪ್ಲಾಸ್ಟಿಕ್ ಹಿಡಿ: ಕಡಿಮೆ ಬೆಲೆಯ ಕುಡಗೋಲು, ಖುರ್ಪಿಗಳಿಗೆ ಇರುವಂಥದು. ಹಗುರ. ಪಿ.ಪಿ. ಎಂಬ ಗುರುತಿದ್ದರೆ ಅದು ಪಾಲಿಪ್ರೊಪಿಲೀನ್. ಇದರಲ್ಲಿ ಎಳೆಯೇ ಇಲ್ಲವಾದ್ದರಿಂದ ಇದು ನಿಜವಾದ ಸಂಯುಕ್ತ ವಸ್ತುವಲ್ಲ. ಇದಕ್ಕೆ ಬಿಸಿಲು ದೊಡ್ಡ ಶತ್ರು.

ಜಾತಿ ತಿಳಿಯಲೆಂದು ಹಿಡಿಯ ಚೂರನ್ನು ಸುಟ್ಟು ವಾಸನೆ ನೋಡುವ ಅಭ್ಯಾಸ ಒಳ್ಳೆಯದಲ್ಲ. ಆ ಹೊಗೆ ವಿಷಕಾರಿ.

ಹಿಡಿಯ ಐದು ಶತ್ರುಗಳು

ಬಿಸಿಲು: ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ರಾಳವನ್ನು ಮೇಲ್ಪದರದಿಂದ ಸವೆಸುತ್ತವೆ. ಹೊಳಪು ಹೋಗಿ ಸುಣ್ಣ ಬಳಿದಂತೆ ಬಿಳಿ ಪುಡಿ ಕಾಣುತ್ತದೆ. ಅನಂತರ ಗಾಜಿನ ಎಳೆಗಳು ಹೊರಬಿದ್ದು ಅಂಗೈಯಲ್ಲಿ ತುರಿಕೆ, ಚುಚ್ಚು ಉಂಟಾಗುತ್ತವೆ. ಪಾಲಿಪ್ರೊಪಿಲೀನ್ ಹಿಡಿಯಾದರೆ ಒಡಕಲಾಗಿ, ಏಟಿಗೆ ಗಾಜಿನಂತೆ ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ಕತ್ತಿಯನ್ನು ಬದುವಿನ ಮೇಲೆ, ಗುಡಿಸಲಿನ ಮಾಡಿನ ಮೇಲೆ ಎಸೆದು ಬರುವುದರಿಂದ ಆಗುವ ಹಾನಿ ಇದು.

ಬೆಂಕಿ ಮತ್ತು ಬಿಸಿ: ನೈಲಾನ್ 220 ಡಿಗ್ರಿ ಸೆಂ. ಆಸುಪಾಸಿನಲ್ಲಿ, ಪಾಲಿಪ್ರೊಪಿಲೀನ್ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ಆದರೆ ಅಲಗನ್ನು ಹಿಡಿಗೆ ಅಂಟಿಸಲು ಬಳಸುವ ಸಾಧಾರಣ ಎಪಾಕ್ಸಿ ಅಂಟು 60 ಡಿಗ್ರಿ ದಾಟುತ್ತಲೇ ಮೆದುವಾಗತೊಡಗುತ್ತದೆ. ಆದುದರಿಂದ ಕತ್ತಿಯನ್ನು ಕುದಿಯುವ ನೀರಿನಲ್ಲಿ ಹಾಕಬಾರದು. ಸಾಣೆ ಯಂತ್ರಕ್ಕೆ ಹಿಡಿಯುವಾಗ ಅಲಗಿನ ಬುಡ ಕೈಯಿಂದ ಮುಟ್ಟಲಾಗದಷ್ಟು ಕಾಯಲು ಬಿಡದೆ ಆಗಾಗ ಅಲಗನ್ನು ನೀರಿನಲ್ಲಿ ಅದ್ದಿರಿ. ರವದಿಗೆ ಬೆಂಕಿ ಹಾಕುವ ಕೆಟ್ಟ ಅಭ್ಯಾಸವಿರುವ ಕಡೆ ಗದ್ದೆಯಲ್ಲಿ ಮರೆತ ಕತ್ತಿಗಳು ಹಾಳಾಗುವುದೂ ಹೀಗೆಯೇ. ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿದರೆ ಭೂಮಿಗೂ ಲಾಭ.

ನೀರು ಮತ್ತು ಕಬ್ಬಿನ ರಸ: ರಸ ಹಿಡಿಯನ್ನು ಕೊಳೆಸಲಾರದು. ಆದರೆ ಬಾಲ ಮತ್ತು ಹಿಡಿಯ ನಡುವಿನ ಸಂದಿಯಲ್ಲಿ ಇಳಿದು, ಹುಳಿತು ಆಮ್ಲವಾಗಿ, ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಹಿಡಿಯನ್ನು ಒಳಗಿನಿಂದಲೇ ಸೀಳುತ್ತದೆ.

ರಾಸಾಯನಿಕಗಳು: ಎಣ್ಣೆಯ ರೂಪದ ಹಲವು ಕೀಟನಾಶಕಗಳಲ್ಲಿರುವ ದ್ರಾವಕಗಳು, ಪೆಟ್ರೋಲು, ಥಿನ್ನರು, ಅಸಿಟೋನು ಇವು ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತವೆ ಇಲ್ಲವೆ ಬಿರಿಯುವಂತೆ ಮಾಡುತ್ತವೆ. ಬ್ಯಾಟರಿಯ ಆಮ್ಲ ನೈಲಾನನ್ನು ತಿನ್ನುತ್ತದೆ. ಔಷಧದ ಡಬ್ಬಿ ತೆರೆಯಲು, ಔಷಧ ಕಲಕಲು ಕತ್ತಿಯನ್ನು ಉಪಯೋಗಿಸಬಾರದು. ಬಿರುಕಿನಲ್ಲಿ ಉಳಿದ ಔಷಧ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ತಪ್ಪು ಬಳಕೆ: ಕತ್ತಿಯ ಹಿಡಿಯಿಂದ ಗೂಟ ಬಡಿಯುವುದು, ಅಲಗನ್ನು ಮೀಟುಗೋಲಿನಂತೆ ಬಳಸುವುದು, ದೂರದಿಂದ ಎಸೆಯುವುದು. ಗಾಜಿನ ಎಳೆಯ ಹಿಡಿ ಉದ್ದುದ್ದದ ಸೆಳೆತಕ್ಕೆ ಬಹಳ ಗಟ್ಟಿ. ಒಂದೇ ಜಾಗಕ್ಕೆ ಬಿದ್ದ ಕಲ್ಲಿನ ಏಟಿಗೆ ಅದರ ಪದರಗಳು ಒಳಗೇ ಬಿಡುತ್ತವೆ.

ಪ್ರತಿದಿನದ ಆರೈಕೆ

ಕೆಲಸ ಬಿಟ್ಟ ಮೇಲೆ ಈ ಕೆಳಗಿನ ಕ್ರಮವನ್ನು ಅನುಸರಿಸಲು ಐದು ನಿಮಿಷ ಸಾಕು.

1) ರಸ ಒಣಗುವ ಮುಂಚೆ ಕತ್ತಿಯನ್ನು ತಣ್ಣೀರು ಇಲ್ಲವೆ ಉಗುರು ಬೆಚ್ಚಗಿನ ನೀರು ಮತ್ತು ಬಟ್ಟೆ ಸೋಪಿನಿಂದ ತೊಳೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯನ್ನೂ ಮೊಳೆಯ ತಲೆಯ ಸುತ್ತಲೂ ತಿಕ್ಕಿರಿ. ಮರಳು, ಇಟ್ಟಿಗೆ ಪುಡಿಯಿಂದ ಹಿಡಿಯನ್ನು ಉಜ್ಜಬಾರದು. ಹಿಡಿತಕ್ಕಾಗಿ ಇರುವ ಒರಟು ಗೆರೆಗಳು ಸವೆದು ಹಿಡಿ ಜಾರುತ್ತದೆ.

2) ಒಣ ಬಟ್ಟೆಯಿಂದ ಒರೆಸಿ, ಸಂದಿಯ ನೀರು ಕೆಳಗಿಳಿಯುವಂತೆ ಅಲಗನ್ನು ಕೆಳಮುಖವಾಗಿ ನೆರಳಿನಲ್ಲಿ ತೂಗುಹಾಕಿರಿ. ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಹಾಕಬೇಡಿರಿ.

3) ಅಲಗಿಗೆ ತೆಳುವಾಗಿ ಅಡಿಗೆ ಎಣ್ಣೆ ಸವರಿರಿ. ಹಿಡಿಗೆ ಎಣ್ಣೆ ಬೇಡ. ಮರದ ಹಿಡಿಗೆ ಅಗಸೆ ಎಣ್ಣೆ ಕುಡಿಸುವುದು ಒಳ್ಳೆಯ ಪದ್ಧತಿ. ಮರ ಅದನ್ನು ಹೀರಿಕೊಳ್ಳುತ್ತದೆ. ಕೃತಕ ಹಿಡಿ ಹೀರದೆ ಇರುವುದರಿಂದ ಎಣ್ಣೆ ಮೇಲೆಯೇ ಉಳಿದು, ಬೆವರಿನೊಂದಿಗೆ ಕೂಡಿ ಕತ್ತಿ ಕೈಯಿಂದ ಜಾರುತ್ತದೆ.

4) ಹಿಡಿತ ಸಿಗಲೆಂದು ಸೈಕಲ್ ಟ್ಯೂಬು ಅಥವಾ ಬಟ್ಟೆ ಸುತ್ತುವ ರೂಢಿಯಿದೆ. ಸುತ್ತಿದರೆ ತಪ್ಪಲ್ಲ, ಆದರೆ ವಾರಕ್ಕೊಮ್ಮೆ ಬಿಚ್ಚಿ ತೊಳೆದು ಒಣಗಿಸಬೇಕು. ಬಿಚ್ಚದೆ ಬಿಟ್ಟರೆ ಸುತ್ತಿನ ಕೆಳಗೆ ರಸ ನಿಂತು ತುಕ್ಕು ಬೆಳೆಯುತ್ತದೆ, ಬಿರುಕುಗಳೂ ಕಣ್ಣಿಗೆ ಬೀಳುವುದಿಲ್ಲ.

ವಾರಕ್ಕೊಮ್ಮೆ ಪರೀಕ್ಷೆ

ಮೊದಲನೆಯದಾಗಿ, ಹಿಡಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಅಲಗಿನ ಹಿಂಬದಿಯನ್ನು ಕಟ್ಟಿಗೆಗೆ ಮೆಲ್ಲಗೆ ಬಡಿಯಿರಿ. ಗಟ್ಟಿಯಾದ ಒಂದೇ ನಾದ ಬಂದರೆ ಸರಿ. ಟಕಟಕ ಎಂಬ ಒಡೆದ ಸದ್ದು ಬಂದರೆ ಬಾಲ ಅಥವಾ ಮೊಳೆ ಸಡಿಲಾಗಿದೆ.

ಎರಡನೆಯದಾಗಿ, ಅಲಗು ಹಿಡಿಯೊಳಗೆ ಹೋಗುವ ಜಾಗವನ್ನು ಬೆಳಕಿನಲ್ಲಿ ನೋಡಿರಿ. ಕಂದು ನೀರಿನ ಕಲೆ ಕಂಡರೆ ಒಳಗೆ ತುಕ್ಕು ನಡೆದಿದೆಯೆಂದು ತಿಳಿಯಬೇಕು.

ಮೂರನೆಯದಾಗಿ, ಮೊಳೆಗಳಿಂದ ಹೊರಟ ಕೂದಲೆಳೆಯ ಬಿರುಕುಗಳನ್ನು ಹುಡುಕಿರಿ. ಹಿಡಿಯನ್ನು ಒದ್ದೆ ಮಾಡಿ ಒರೆಸಿದರೆ ಬಿರುಕಿನಲ್ಲಿ ಉಳಿದ ನೀರು ಗೆರೆಯಾಗಿ ಕಾಣುತ್ತದೆ. ಮೊಳೆಯಿಂದ ಮೊಳೆಗೆ ಬಿರುಕು ಕೂಡಿದ್ದರೆ ಆ ಹಿಡಿಯನ್ನು ಅದೇ ದಿನ ಕೆಲಸದಿಂದ ತೆಗೆಯಿರಿ. ಅದನ್ನು ತಂತಿ ಸುತ್ತಿ ನಡೆಸುವುದು ಅಪಾಯ.

ಹಿಡಿ ಮತ್ತು ಬೆಳೆಯ ರೋಗ

ಹಿಡಿಯ ಸ್ವಚ್ಛತೆ ಕೈಗೆ ಮಾತ್ರ ಸಂಬಂಧಪಟ್ಟದ್ದಲ್ಲ, ಬೆಳೆಗೂ ಸಂಬಂಧಪಟ್ಟದ್ದು. ಕಬ್ಬಿಗೆ ಬರುವ ಕುಳೆ ಕುಂಠಿತ ರೋಗವನ್ನು 1940ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಗುರುತಿಸಲಾಯಿತು. ಇದು ಈಗ ಕಬ್ಬು ಬೆಳೆಯುವ ಬಹುತೇಕ ದೇಶಗಳಲ್ಲಿದೆ. ಲೀಫ್ಸೋನಿಯಾ ಕ್ಸೈಲಿ ಎಂಬ ಅತಿ ಸೂಕ್ಷ್ಮ ದುಂಡಾಣು ಇದಕ್ಕೆ ಕಾರಣ. ಇದು ಕಬ್ಬಿನ ನೀರು ಸಾಗಿಸುವ ನಾಳಗಳಲ್ಲಿ ನೆಲೆಸುತ್ತದೆ. ಎಲೆಯ ಮೇಲೆ ಚುಕ್ಕೆಯಿಲ್ಲ, ಕೊಳೆತವಿಲ್ಲ. ಕಬ್ಬು ಗಿಡ್ಡಾಗಿ, ತೆಳುವಾಗಿ ಉಳಿಯುತ್ತದೆ. ನೀರಿನ ಕೊರತೆಯಾದ ವರ್ಷ ಹಾನಿ ಹೆಚ್ಚು. ಬಲಿತ ಕಬ್ಬಿನ ಗಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ಕಿತ್ತಳೆ ಕೆಂಪು ಬಣ್ಣದ ಸಣ್ಣ ಚುಕ್ಕೆಗಳು ಕಾಣಬಹುದು. ಕುಳೆ ಸೊರಗಿದಾಗ ನಾವು ಭೂಮಿಯನ್ನೋ ಗೊಬ್ಬರವನ್ನೋ ದೂರುತ್ತೇವೆ, ಕಾರಣ ಕತ್ತಿಯಲ್ಲಿರಬಹುದು.

ಈ ರೋಗ ಹರಡುವ ಮುಖ್ಯ ದಾರಿಗಳು ಎರಡು: ರೋಗವಿರುವ ಬಿತ್ತನೆ ತುಂಡು ಮತ್ತು ಕಟಾವಿನ ಕತ್ತಿ. ರೋಗದ ಕಬ್ಬನ್ನು ಕಡಿದ ಕತ್ತಿಗೆ ಹತ್ತಿದ ರಸ ಮುಂದಿನ ಹಲವಾರು ಕಬ್ಬುಗಳಿಗೆ ಸೋಂಕನ್ನು ಒಯ್ಯುತ್ತದೆ. ಒಂದು ಗದ್ದೆಯಲ್ಲಿ ಕಡಿದ ಗ್ಯಾಂಗು ಮರುದಿನ ಇನ್ನೊಂದು ಗದ್ದೆಗೆ ಹೋಗುವಾಗ ಅಲಗಿನ ಮೇಲೆ, ಹಿಡಿಯ ಸಂದಿಯಲ್ಲಿ ಹಳೆಯ ರಸವೂ ಹೋಗುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವೂ ಸವರುವ ಕತ್ತರಿಯಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ.

ಇಲ್ಲಿಯೇ ಕೃತಕ ಹಿಡಿಯ ನಿಜವಾದ ಉಪಯೋಗವಿದೆ. ಒಣಗಿದ ಮರ ನೀರಿನಲ್ಲಿದ್ದರೆ ತನ್ನ ನಾರುಗಳಲ್ಲೇ ತೂಕದ ಸುಮಾರು ಶೇ. 30ರಷ್ಟು ನೀರು ಹಿಡಿದಿಡಬಲ್ಲದು. ರಸವನ್ನೂ ಹಾಗೆಯೇ ಹೀರುತ್ತದೆ. ಬಿರುಕಿಲ್ಲದ ಕೃತಕ ಹಿಡಿಯನ್ನು ಪೂರ್ತಿ ತೊಳೆದು ಸೋಂಕು ನಿವಾರಿಸಬಹುದು. ಹಿಡಿ ಬಿರಿದಿದ್ದರೆ ಮಾತ್ರ ಈ ಲಾಭ ಇಲ್ಲವಾಗುತ್ತದೆ.

ಸೋಂಕು ನಿವಾರಣೆಗೆ ಒಂದು ಲೀಟರ್ ನೀರಿಗೆ 15ರಿಂದ 20 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ತಿಳಿಯಾದ ಮೇಲೆ ಮೇಲಿನ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಬಸಿದುಕೊಳ್ಳಿರಿ. ದ್ರಾವಣವನ್ನು ದಿನವೂ ಹೊಸದಾಗಿ ಮಾಡಬೇಕು. ಇದರೊಂದಿಗೆ ಯಾವ ಆಮ್ಲವನ್ನೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಮೊದಲು ಕತ್ತಿಯ ಮಣ್ಣು, ರಸವನ್ನು ತೊಳೆದು, ನಂತರ ಸಂದಿಯವರೆಗೆ ಐದು ನಿಮಿಷ ಅದ್ದಿಡಿರಿ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು. ಹಾಗೆ ಮಾಡದಿದ್ದರೆ ಉಕ್ಕು ತುಕ್ಕು ಹಿಡಿಯುತ್ತದೆ. ನೈಲಾನ್ ಹಿಡಿಯೂ ಕಾಲಕ್ರಮದಲ್ಲಿ ಒಡಕಲಾಗುತ್ತದೆ. ನೈಲಾನ್ ಹಿಡಿಯವರು ಔಷಧದ ಅಂಗಡಿಯಲ್ಲಿ ಸಿಗುವ ಶೇ. 70ರ ಸ್ಪಿರಿಟ್ಟಿನಿಂದ ಒರೆಸುವುದು ಮೇಲು. ಸ್ಪಿರಿಟ್ಟಿನ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಬಿತ್ತನೆಯ ತುಂಡು ಮಾಡುವಾಗ ಎರಡು ಕತ್ತಿ ಇಟ್ಟುಕೊಳ್ಳಿರಿ. ಒಂದು ದ್ರಾವಣದಲ್ಲಿದ್ದಾಗ ಇನ್ನೊಂದರಿಂದ ಕೆಲಸ ನಡೆಯಲಿ. ಕಟಾವಿನ ಗ್ಯಾಂಗು ಬಂದಾಗ ಗದ್ದೆಗೆ ಇಳಿಯುವ ಮುಂಚೆ ಎಲ್ಲರ ಕತ್ತಿಗಳನ್ನೂ ಒಮ್ಮೆ ಅದ್ದಿಸುವಂತೆ ಮುಕಾದಮನಿಗೆ ಹೇಳಿರಿ. ಬಕೆಟ್ಟು, ನೀರು, ಪುಡಿ ನೀವೇ ಒದಗಿಸಿದರೆ ಯಾರೂ ಬೇಡವೆನ್ನುವುದಿಲ್ಲ. ಹಾಗೆಯೇ ಅವರ ಕತ್ತಿಗಳ ಹಿಡಿಯನ್ನೂ ಆಗಲೇ ನೋಡಬಹುದು. ಕತ್ತಿ ಅವರದಾದರೂ ಗದ್ದೆ ನಿಮ್ಮದು. ಅವಘಡ ನಡೆಯುವುದೂ ರೋಗ ಉಳಿಯುವುದೂ ಅಲ್ಲಿಯೇ.

ಕತ್ತಿ ಎಷ್ಟು ಶುದ್ಧವಾಗಿದ್ದರೂ ಬಿತ್ತನೆ ತುಂಡಿನಲ್ಲೇ ರೋಗವಿದ್ದರೆ ಪ್ರಯೋಜನವಿಲ್ಲ. ತುಂಡುಗಳನ್ನು 50 ಡಿಗ್ರಿ ಸೆಂ. ಬಿಸಿನೀರಿನಲ್ಲಿ ಎರಡು ಗಂಟೆ ಉಪಚರಿಸುವ ಪದ್ಧತಿ ಈ ರೋಗಕ್ಕೆ ಇದೆ. ಉಷ್ಣತೆ ಹೆಚ್ಚಾದರೆ ಕಣ್ಣು ಸಾಯುವುದರಿಂದ ಇದನ್ನು ಸರಿಯಾದ ಉಪಕರಣವಿರುವ ಕಡೆಯೇ ಮಾಡಿಸಬೇಕು.

ದುರಸ್ತಿಯ ಕ್ರಮ

ಮರದ ಹಿಡಿ ಕೂಡಿಸುವಾಗ ಕಮ್ಮಾರರು ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯೊಳಗೆ ತೂರಿಸುತ್ತಾರೆ. ಸುಟ್ಟ ತೂತಿನಲ್ಲಿ ಬಾಲ ಬಿಗಿಯಾಗಿ ಕೂಡುತ್ತದೆ. ಕೃತಕ ಹಿಡಿಗೆ ಈ ಕ್ರಮವನ್ನು ಎಂದೂ ಅನುಸರಿಸಬಾರದು. ರಾಳ ಸುಟ್ಟು ವಿಷದ ಹೊಗೆ ಬರುತ್ತದೆ. ತೂತಿನ ಸುತ್ತ ವಸ್ತು ಕರಕಾಗಿ ಹಿಡಿತ ಹೋಗುತ್ತದೆ. ಸಡಿಲಾದ ಮರದ ಹಿಡಿಯನ್ನು ನೀರಿನಲ್ಲಿಟ್ಟು ಬಿಗಿ ಮಾಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಮರದಲ್ಲಿಯೂ ಅದು ತಾತ್ಕಾಲಿಕವೇ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ.

ಸಂದಿ ಬಿಟ್ಟಿದ್ದರೆ: ಒಳಗಿನ ಮಣ್ಣು, ತುಕ್ಕು, ಎಣ್ಣೆಯನ್ನು ಪೂರ್ಣವಾಗಿ ತೆಗೆದು ಒಣಗಿಸಿರಿ. ಉಕ್ಕನ್ನೂ ಹಿಡಿಯನ್ನೂ ಉಸುಕು ಕಾಗದದಿಂದ ಒರಟು ಮಾಡಿರಿ. ಎರಡು ಕೊಳವೆಗಳಲ್ಲಿ ಬರುವ ಅರಲ್ಡೈಟ್‌ನಂಥ ಎಪಾಕ್ಸಿ ಅಂಟನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ ತುಂಬಿ, ಬಿಗಿದು ಕಟ್ಟಿ, 24 ಗಂಟೆ ಮುಟ್ಟದೆ ಬಿಡಿರಿ. ಕ್ಷಣದಲ್ಲಿ ಅಂಟುವ ತೆಳು ಅಂಟುಗಳು ಏಟಿಗೆ ಒಡೆಯುತ್ತವೆ, ಕತ್ತಿಗೆ ಬೇಡ. ಪಾಲಿಪ್ರೊಪಿಲೀನ್ ಹಿಡಿಗೆ ಎಪಾಕ್ಸಿ ಸರಿಯಾಗಿ ಹತ್ತುವುದಿಲ್ಲ. ಅದನ್ನು ಬದಲಿಸುವುದೇ ಲೇಸು.

ಮೊಳೆ ಸಡಿಲಾಗಿದ್ದರೆ: ಮೊಳೆಯ ಕೆಳತಲೆಗೆ ಕಬ್ಬಿಣದ ಆಸರೆ ಕೊಟ್ಟು, ಮೇಲ್ತಲೆಯನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯಬೇಕು. ಒಂದೇ ದೊಡ್ಡ ಏಟು ಹಿಡಿಯನ್ನು ಬಿರಿಸುತ್ತದೆ. ಎರಡು ಸಲ ಬಿಗಿ ಮಾಡಿದರೂ ನಿಲ್ಲದಿದ್ದರೆ ಹಳೆಯ ಮೊಳೆ ತೆಗೆದು ಹೊಸದನ್ನು ಹಾಕಿಸಿರಿ.

ಎಳೆಗಳು ಎದ್ದಿದ್ದರೆ: ನೀರಿಗೆ ತಡೆಯುವ ನಯವಾದ ಉಸುಕು ಕಾಗದವನ್ನು ಒದ್ದೆ ಮಾಡಿಕೊಂಡು ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಗಾಜಿನ ದೂಳು ಎದ್ದು ಕಣ್ಣಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆಯಲ್ಲಿ ಉಜ್ಜುವಾಗಲೂ ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳನ್ನು ದೂರ ಇಡಿರಿ. ಒಣಗಿದ ಮೇಲೆ ತೆಳುವಾಗಿ ಎಪಾಕ್ಸಿ ಬಳಿದು, ಅದರ ಮೇಲೆ ಹೊಳಪಿಲ್ಲದ ಬಣ್ಣ ಹಚ್ಚಿದರೆ ಬಿಸಿಲಿನಿಂದ ರಕ್ಷಣೆ ಸಿಗುತ್ತದೆ. ಕೈಗೆ ಗಾಜಿನ ಎಳೆ ಚುಚ್ಚಿದರೆ ತಿಕ್ಕಬಾರದು. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಅಂಟುಪಟ್ಟಿ ಒತ್ತಿ ಎತ್ತಿದರೆ ಮೇಲಿನ ಎಳೆಗಳು ಬರುತ್ತವೆ.

ಹೊಸ ಕತ್ತಿ ಕೊಳ್ಳುವಾಗ

ಬಾಲವು ಹಿಡಿಯ ಕೊನೆಯವರೆಗೆ ಬಂದಿದೆಯೇ ನೋಡಿರಿ. ಬಾಲ ಗಿಡ್ಡಾಗಿದ್ದರೆ ಹಿಡಿ ಎಷ್ಟು ಚೆಂದವಿದ್ದರೂ ಕಬ್ಬಿಗೆ ಅದು ಆಗದು. ಕನಿಷ್ಠ ಎರಡು ಮೊಳೆಗಳಿರಲಿ. ಮೊಳೆಯ ತಲೆ ಅಂಗೈಗೆ ಚುಚ್ಚಬಾರದು. ಹಿಡಿಯ ಕೊನೆಯಲ್ಲಿ ಕೈ ಜಾರದಂತೆ ಉಬ್ಬು ಇರಬೇಕು. ಹಿಡಿದಾಗ ಬೆರಳ ತುದಿಗಳು ಅಂಗೈಗೆ ಗಟ್ಟಿಯಾಗಿ ಒತ್ತುವಷ್ಟು ಸಣ್ಣದಾಗಿಯೂ ಇರಬಾರದು, ಕೈ ಸುತ್ತಲಾರದಷ್ಟು ದಪ್ಪವಾಗಿಯೂ ಇರಬಾರದು. ಕಬ್ಬು ಕಡಿಯುವವರಲ್ಲಿ ಹೆಣ್ಣುಮಕ್ಕಳೂ ಬಹಳ. ಅವರ ಕೈಗೆ ಹೊಂದುವ ಹಿಡಿಯನ್ನು ಅವರೇ ಹಿಡಿದು ನೋಡಿ ಆರಿಸಲಿ. ಬೇರೆ ಬೇರೆ ಕತ್ತಿಗೆ ಬೇರೆ ಬಣ್ಣದ ಹಿಡಿ ತಂದರೆ ಬಿತ್ತನೆಯ ಕತ್ತಿ, ಮೇವಿನ ಕತ್ತಿ ಬೆರೆಯುವುದಿಲ್ಲ. ರವದಿಯಲ್ಲಿ ಬಿದ್ದರೂ ಕೆಂಪು ಅಥವಾ ಹಳದಿ ಹಿಡಿ ಬೇಗ ಕಣ್ಣಿಗೆ ಬೀಳುತ್ತದೆ.

ಮರದ ಹಿಡಿಯನ್ನು ಬಿಡಲೇಬೇಕೆಂದು ಇಲ್ಲಿ ಹೇಳುತ್ತಿಲ್ಲ. ಒಳ್ಳೆಯ ಜಾಲಿಯ ಹಿಡಿ ಅದುರನ್ನು ಚೆನ್ನಾಗಿ ತಡೆಯುತ್ತದೆ, ಊರಿನಲ್ಲೇ ದೊರೆಯುತ್ತದೆ, ಊರಿನ ಬಡಿಗ ಕಮ್ಮಾರರೇ ಅದನ್ನು ಸರಿಪಡಿಸಬಲ್ಲರು. ಬಿತ್ತನೆಯ ತುಂಡು ಮಾಡುವ ಮತ್ತು ಗಿಡ ಸವರುವ ಕತ್ತಿಗಾದರೂ ತೊಳೆಯಲು ಬರುವ ಕೃತಕ ಹಿಡಿ ಇರುವುದು ಹಿತ.

ವಿದ್ಯುತ್ತು ಮತ್ತು ಗಾಯದ ಎಚ್ಚರಿಕೆ

ಫೈಬರ್ ಹಿಡಿಗೆ ಕರೆಂಟು ಹತ್ತುವುದಿಲ್ಲವೆಂಬ ಮಾತು ಅರ್ಧ ಮಾತ್ರ ನಿಜ. ಒಣಗಿದ, ಸ್ವಚ್ಛವಾದ ಗಾಜಿನ ಎಳೆಯ ವಸ್ತು ವಿದ್ಯುತ್ತನ್ನು ತಡೆಯುತ್ತದೆ; ಒದ್ದೆಯಾದಾಗ, ಮಣ್ಣು ಮೆತ್ತಿದಾಗ ನಂಬುವಂತಿಲ್ಲ. ಕರಾವಳಿ ಮಲೆನಾಡಿನಲ್ಲಿ ಅಡಿಕೆ ಕೊಯ್ಲಿಗೆ ಬಂದಿರುವ ಉದ್ದನೆಯ ದೋಟಿಗಳು ಕಾರ್ಬನ್ ಎಳೆಯವು. ಕಾರ್ಬನ್ ಎಳೆಯಲ್ಲಿ ವಿದ್ಯುತ್ತು ಹರಿಯುತ್ತದೆ. ತೆಂಗಿಗೆಂದು ಅಂಥ ದೋಟಿ ತಂದವರು ವಿದ್ಯುತ್ ತಂತಿಯ ಹತ್ತಿರ ಅದನ್ನು ಎತ್ತಲೇಬಾರದು.

ಕತ್ತಿಯ ಗಾಯವಾದರೆ ಮಣ್ಣು, ಅರಿಷಿಣ, ಸುಣ್ಣ ಮೆತ್ತದೆ ಶುದ್ಧ ನೀರು ಸೋಪಿನಿಂದ ತೊಳೆದು, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ವೈದ್ಯರಿಗೆ ನೆನಪಿಸಿರಿ. ಗದ್ದೆಯ ನೀರಿನಲ್ಲಿ ಇಲಿಯ ಮೂತ್ರದಿಂದ ಬರುವ ಇಲಿಜ್ವರ ಗಾಯದ ಮೂಲಕ ಮೈಗೆ ಹೊಗುವುದುಂಟು. ಗಾಯವಾದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡಿದ್ದನ್ನೂ ಹೇಳಬೇಕು.

ಹಂಗಾಮು ಮುಗಿದ ಮೇಲೆ

ಕಾರ್ಖಾನೆಗಳು ಕಬ್ಬು ಅರೆಯುವುದನ್ನು ನಿಲ್ಲಿಸಿದ ಮೇಲೆ ಕತ್ತಿಗಳನ್ನು ಮೂಲೆಗೆ ಹಾಕುವ ಮುಂಚೆ ಒಂದು ದಿನ ಕೊಡಿರಿ. ಎಲ್ಲವನ್ನೂ ತೊಳೆದು, ಸೋಂಕು ನಿವಾರಿಸಿ, ಒಣಗಿಸಿ, ಪರೀಕ್ಷಿಸಿ, ದುರಸ್ತಿ ಮಾಡಿಸಿರಿ. ಸುತ್ತಿದ ಟ್ಯೂಬುಗಳನ್ನು ಬಿಚ್ಚಿ ತೆಗೆಯಿರಿ. ಅಲಗಿಗೆ ಎಣ್ಣೆ ಹಚ್ಚಿ ಕಾಗದ ಸುತ್ತಿ, ಬಿಸಿಲು ಬೀಳದ ಗೋಡೆಗೆ ಮಕ್ಕಳ ಕೈಗೆ ಸಿಗದಂತೆ ತೂಗುಹಾಕಿರಿ. ಗೊಬ್ಬರದ ಚೀಲ, ಔಷಧದ ಡಬ್ಬಿಗಳ ಪಕ್ಕದಲ್ಲಿ ಇಡಬೇಡಿರಿ. ಗೊಬ್ಬರದ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕನ್ನು ಬೆಳೆಸುತ್ತದೆ.

ಕೆಟ್ಟ ಹಿಡಿಗಳನ್ನು ಒಲೆಗೂ ತಿಪ್ಪೆಗೂ ಹಾಕಬೇಡಿರಿ. ಗಾಜಿನ ಎಳೆ ಗೊಬ್ಬರದೊಂದಿಗೆ ಹೊಲ ಸೇರಿದರೆ ಕೊಳೆಯುವುದಿಲ್ಲ. ಮುಂದೆ ಬರಿಗೈ ಬರಿಗಾಲಿಗೆ ಚುಚ್ಚುತ್ತದೆ. ಅವನ್ನು ಗ್ರಾಮ ಪಂಚಾಯತಿಯ ಒಣ ಕಸದೊಂದಿಗೆ ಬೇರೆ ಕಟ್ಟಿ ಕೊಡಿರಿ. ಅಲಗು ಚೆನ್ನಾಗಿದ್ದರೆ ಅದಕ್ಕೆ ಜಾಲಿಯ ಹಿಡಿ ಹಾಕಿಸಿ ಮೇವಿನ ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಕುಳೆಯ ಬೆಳೆ ಕಾರಣವಿಲ್ಲದೆ ಗಿಡ್ಡಾಗುತ್ತಿದ್ದರೆ ನಾಲ್ಕಾರು ಕಬ್ಬುಗಳನ್ನು ಬುಡಸಹಿತ ತೆಗೆದುಕೊಂಡು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲವೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ತೋರಿಸಿರಿ. ರೋಗವಿಲ್ಲದ ಬಿತ್ತನೆ ಕಬ್ಬಿನ ವಿಷಯವಾಗಿಯೂ ಅಲ್ಲಿ ವಿಚಾರಿಸಬಹುದು. ಕತ್ತಿಯನ್ನು ಸಂಜೆ ತೊಳೆಯುವುದು, ವಾರಕ್ಕೊಮ್ಮೆ ಬಡಿದು ನೋಡುವುದು, ಗದ್ದೆ ಬದಲಿಸುವಾಗ ಅದ್ದುವುದು, ಈ ಮೂರು ಕೆಲಸಗಳಿಗೆ ಹಣದ ಖರ್ಚು ಬಹಳ ಕಡಿಮೆ. ಇವನ್ನು ಈ ಹಂಗಾಮಿನಿಂದಲೇ ರೂಢಿಗೆ ತಂದರೆ ಕೈಯೂ ಕುಳೆಯೂ ಸುರಕ್ಷಿತವಾಗಿರುತ್ತವೆ.